ಎಡಗಡೆ ನಿಂತು ಹೇಳಬೇಕು

ಸಿಸ್ಟರ್ ಜೀವರತ್ನಮ್ಮನವರಿಗೆ ಬಲಗಿವಿ ಪೂರ್ತಿ ಕೇಳಿಸುತ್ತಿರಲಿಲ್ಲ. ಎಡಗಿವಿ, ಅವರೇ ಹೇಳುತ್ತಿದ್ದ ಹಾಗೆ, 'ಅದಕ್ಕೆ ಮನಸ್ಸು ಬಂದಾಗ' ಕೇಳಿಸುತ್ತಿತ್ತು. ಹಾಗಾಗಿ ಅವರ ಜೊತೆ ನಡೆಯುವವರು ಯಾರೇ ಆಗಲಿ ಎಡಗಡೆಯೇ ನಡೆಯಬೇಕು. ಅವರು ವಾರ್ಡಿನ ಬಾಗಿಲಲ್ಲಿ ಕಾಣಿಸಿಕೊಂಡರೆ ನಾವು ಹುಡುಗಿಯರೆಲ್ಲ ಕುರಿಮಂದೆಯ ಹಾಗೆ ಒಂದೇ ಪಕ್ಕಕ್ಕೆ ಸರಿದುಬಿಡುತ್ತಿದ್ದೆವು. ಹೊಸಬರು ನೋಡಿದರೆ ಇದೇನೋ ಆಸ್ಪತ್ರೆಯ ಕಟ್ಟುನಿಟ್ಟು ಅಂದುಕೊಳ್ಳಬೇಕು. ಎತ್ತರದ ಹೆಂಗಸು. ಗಂಜಿ ಹಾಕಿದ ಬಿಳಿ ಸೀರೆ, ಹಿಂದಕ್ಕೆ ಬಿಗಿಯಾಗಿ ಕಟ್ಟಿದ ತುರುಬು. ಕಣ್ಣು ಮಾತ್ರ ಯಾವಾಗಲೂ ಎದುರಿಗಿದ್ದವರ ತುಟಿಯ ಮೇಲೆ. ಸುಳ್ಳು ಹೇಳಲು ಬಂದವರು ಆ ನೋಟಕ್ಕೆ ಸಿಕ್ಕಿ ಅರ್ಧಕ್ಕೇ ನಿಲ್ಲಿಸುತ್ತಿದ್ದರು.

ನನ್ನನ್ನು ಆ ಆಸ್ಪತ್ರೆಗೆ ತಂದು ಬಿಟ್ಟವರು ನಮ್ಮಪ್ಪ. ಕುಂದಾಣದ ಹತ್ತಿರ ನಮ್ಮೂರು. ರಾಗಿ, ಹುರುಳಿ ಬೆಳೆಯುವ ಮನೆ. ಮದುವೆಯಾದ ವರ್ಷವೇ ನನ್ನ ಗಂಡ ವಿಷಮಶೀತ ಜ್ವರದಲ್ಲಿ ತೀರಿಕೊಂಡರು. ಊರಿನವರು ನನ್ನನ್ನು ಒಲೆಯ ಮುಂದೆ ಕೂರಿಸಲು ತಯಾರಾಗಿದ್ದಾಗ, ಅಪ್ಪ ಯಾರ ಮಾತೂ ಕೇಳದೆ ಗಾಡಿ ಕಟ್ಟಿಸಿ ದೊಡ್ಡಬಳ್ಳಾಪುರಕ್ಕೆ ಹೊರಟರು. ಊರಾಚೆ ಪಾದ್ರಿಗಳು ಕಟ್ಟಿಸಿದ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಯಲ್ಲಿ ಹುಡುಗಿಯರಿಗೆ ನರ್ಸ್ ಕೆಲಸ ಕಲಿಸುತ್ತಾರೆಂದು ಯಾರೋ ಹೇಳಿದ್ದರಂತೆ. ಜಗುಲಿಯ ಮೇಲೆ ನಿಂತಿದ್ದ ಜೀವರತ್ನಮ್ಮನವರ ಬಲಗಡೆ ನಿಂತು ಅಪ್ಪ ನಮ್ಮ ಕಥೆಯನ್ನೆಲ್ಲ ಹೇಳಿಕೊಂಡರು. ಕೊನೆಗೆ ದನಿ ನಡುಗಿತು, ಕಣ್ಣೊರೆಸಿಕೊಂಡರು. ಸಿಸ್ಟರ್ ಮಾತ್ರ ಅಂಗಳದ ಹೊಂಗೆ ಮರವನ್ನೇ ನೋಡುತ್ತಾ ನಿಂತಿದ್ದರು.

"ನಡಿಯಮ್ಮ, ಇವ್ರು ಭಾರಿ ಜಂಬದೋರು," ಎಂದು ಅಪ್ಪ ನನ್ನ ಕೈ ಹಿಡಿದರು.

ಅಷ್ಟರಲ್ಲಿ ಅವರು ತಿರುಗಿ ಅಪ್ಪನನ್ನು ಕಂಡು ಬೆಚ್ಚಿಬಿದ್ದರು. "ಯಾವಾಗ ಬಂದ್ರಿ ಗೌಡ್ರೇ? ನನಗೆ ಕಿವಿ ಸರಿಯಾಗಿ ಕೇಳ್ಸಲ್ಲ. ಈ ಕಡೆ ಬನ್ನಿ, ಎಡಗಡೆ ನಿಂತು ಹೇಳಿ." ಅಪ್ಪ ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಯಿತು. ಎರಡನೇ ಸಲ ಅಳು ಬರಲಿಲ್ಲ. ಕೇಳಿ ಮುಗಿಸಿದ ಜೀವರತ್ನಮ್ಮ ಅದನ್ನೆಲ್ಲ ಅಪ್ಪನಿಗೇ ತಿರುಗಿ ಹೇಳಿದರು: "ಹುಡುಗಿ ಹೆಸರು ನಂಜಮ್ಮ. ಗಂಡ ಹೋಗಿ ವರ್ಷ ಆಗಿಲ್ಲ. ಮೂರನೇ ಕ್ಲಾಸ್ ಓದಿದ್ದಾಳೆ. ಊಟದಲ್ಲಿ ಮಾಂಸ ಬೇಡ ಅಂತ ಅವರಮ್ಮ ಹೇಳಿ ಕಳಿಸಿದ್ದಾರೆ. ಸರಿ ತಾನೆ?"

"ಸರಿ ತಾಯಿ," ಎಂದರು ಅಪ್ಪ. ಊರಿಗೆ ಮರಳುವ ದಾರಿಯಲ್ಲಿ ಗಾಡಿಯವನಿಗೆ ಹೇಳಿದರಂತೆ: "ನನ್ನ ಮಾತನ್ನ ಅಷ್ಟು ಸರಿಯಾಗಿ ಇದುವರ್ಗೂ ಯಾರೂ ಕೇಳಿರಲಿಲ್ಲ ಕಣಪ್ಪ."

ಒಂದು ಪಾಳಿಯವರು ಹೋಗಿ ಇನ್ನೊಂದು ಪಾಳಿಯವರು ಬರುವಾಗ ರೋಗಿಗಳನ್ನು ವಹಿಸಿಕೊಡುವುದಕ್ಕೆ ಆಸ್ಪತ್ರೆಯಲ್ಲಿ ಎಲ್ಲರೂ 'ಚಾರ್ಜ್ ಕೊಡೋದು' ಎನ್ನುತ್ತಿದ್ದರು. ಜೀವರತ್ನಮ್ಮನವರ ಮಕ್ಕಳ ವಾರ್ಡಿನಲ್ಲಿ ಆ ಮಾತಿಗೆ ಜಾಗವಿರಲಿಲ್ಲ. ಅವರದು 'ಒಪ್ಪಿಸೋದು'. "ಪಾಠ ಒಪ್ಪಿಸ್ತೀರಲ್ಲ, ಒಂದಕ್ಷರ ತಪ್ಪದೆ, ಹಾಗೆ. ಹೆಣ್ಣು ಒಪ್ಪಿಸ್ತಾರಲ್ಲ ಮದುವೇಲಿ, ಕೈಗೆ ಕೈ ಇಟ್ಟು, ಹಾಗೂನು. ಎರಡೂ ಸೇರಿದ್ರೆ ಮಗು ಒಪ್ಪಿಸೋದು," ಎಂದು ಮೊದಲ ದಿನವೇ ಹೇಳಿದರು. ಪ್ರತಿ ಮಂಚದ ಹತ್ತಿರವೂ ನಿಲ್ಲಬೇಕು. ಹೋಗುವವಳು ಹೇಳಬೇಕು: ಇದು ಯಾರ ಮಗು, ಯಾಕೆ ಬಂತು, ಈ ಪಾಳಿಯಲ್ಲಿ ಏನು ಬದಲಾಯಿತು, ಇನ್ನು ಏನು ಮಾಡಬೇಕು, ಯಾವುದಕ್ಕೆ ಹೆದರಬೇಕು. ಬಂದವಳು ಅದನ್ನು ತಿರುಗಿ ಹೇಳಬೇಕು. ಆಮೇಲೆ ಮಗುವಿಗೇ ಹೇಳಬೇಕು, "ಇನ್ಮೇಲೆ ಈ ಅಕ್ಕ ನಿನ್ ಜೊತೆ ಇರ್ತಾಳೆ," ಅಂತ. ಕೂಸಾದರೂ ಸರಿ, ಹೇಳಲೇಬೇಕು.

ನನ್ನ ಮೊದಲ ಒಪ್ಪಿಸುವಿಕೆ ಇಡೀ ಆಸ್ಪತ್ರೆಗೆ ನಗೆಪಾಟಲಾಯಿತು. ಆಮಶಂಕೆಯ ಮಗುವೊಂದರ ಮುಂದೆ ನಿಂತು, "ಈಗ ಪರವಾಗಿಲ್ಲ ಸಿಸ್ಟರ್," ಎಂದೆ.

"ಏನಂದೆ?"

"ಪರವಾಗಿಲ್ಲ ಸಿಸ್ಟರ್."

ಅವರು ಕಿವಿಗೆ ಕೈ ಅಡ್ಡ ಹಿಡಿದರು. ನಾನು ಎದೆ ತುಂಬ ಉಸಿರೆಳೆದುಕೊಂಡು ಹೊಲದಲ್ಲಿ ಎತ್ತುಗಳನ್ನು ಕೂಗಿದ ಹಾಗೆ, "ಪರವಾಗಿಲ್ಲಾ!" ಎಂದೆ. ಮಲಗಿದ್ದ ಮಕ್ಕಳೆಲ್ಲ ಎದ್ದು ರಾಗ ತೆಗೆದವು. ಜಗುಲಿಯಲ್ಲಿದ್ದ ತಾಯಂದಿರು ಒಳಗೆ ನುಗ್ಗಿದರು.

"ಕೂಗಬೇಡ ತಾಯಿ, ಬಾಯಿ ಕಾಣೋ ಹಾಗೆ ಹೇಳು," ಎಂದರು ಅವರು, ನಗು ತಡೆಯುತ್ತಾ. "ನೀನಂದದ್ದು ಮೊದಲ ಸಲಾನೇ ಕೇಳಿಸ್ತು. ಪರವಾಗಿಲ್ಲ ಅನ್ನೋದು ನೆಂಟರಿಗೆ ಹೇಳೋ ಮಾತು. ನನಗೆ ಹೇಳು, ಎಷ್ಟು ಸಲ ಭೇದಿ ಆಯ್ತು, ರಕ್ತ ಇತ್ತಾ, ನಾಲಗೆ ಒಣಗಿದ್ಯಾ, ಕೊಟ್ಟ ಗಂಜಿನೀರು ಒಳಗೆ ಉಳೀತಾ? ಕಂಡಿದ್ದು ಮೊದ್ಲು. ಅಂದ್ಕೊಂಡಿದ್ದು ಆಮೇಲೆ."

ತಿರುಗಿ ಹೇಳಿಸುವ ಪದ್ಧತಿ ಅವರ ಕಿವಿಯಿಂದಲೇ ಹುಟ್ಟಿದ್ದು. ಯಾರು ಏನು ಹೇಳಿದರೂ ಅವರು ಒಮ್ಮೆ ತಾವೇ ಹೇಳಿ ನೋಡುತ್ತಿದ್ದರು. ನನ್ನ ಜೊತೆಯ ರೂತ್ ಭಾರಿ ತಮಾಷೆಯ ಹುಡುಗಿ, ನೆಲಮಂಗಲದ ಕಡೆಯವಳು. ಹಾಸ್ಟೆಲಿನಲ್ಲಿ ಸಾರು ಬಡಿಸಿದರೆ, "ಸಾರು. ಬಿಸಿ ಇದೆ. ಉಪ್ಪು ಕಡಿಮೆ. ಸರಿ ತಾನೆ?" ಎಂದು ಅವರ ದನಿಯಲ್ಲೇ ಹೇಳಿ ನಮ್ಮನ್ನು ನಗಿಸುತ್ತಿದ್ದಳು. ಒಂದು ದಿನ ಹಿಂದೆಯೇ ಸಿಸ್ಟರ್ ನಿಂತಿದ್ದರು. ಕೇಳಿಸಲಿಲ್ಲವೆಂದು ನಾವು ಉಸಿರು ಬಿಟ್ಟೆವು. ಆದರೆ ಎಡಗಿವಿಗೆ ಮನಸ್ಸು ಬಂದಿತ್ತೋ, ಎದುರಿಗಿದ್ದ ನಮ್ಮ ಮುಖಗಳನ್ನೇ ಓದಿಕೊಂಡರೋ. ರೂತಳ ತಟ್ಟೆಗೆ ಒಂದು ಚಿಟಿಕೆ ಉಪ್ಪು ಹಾಕಿ, "ನಾನು ತಪ್ಪು ಕೇಳಿಸ್ಕೊಂಡಿದ್ರೆ ಅಲ್ಲೇ ಗೊತ್ತಾಗ್ಲಿ ಅಂತ ತಿರುಗಿ ಹೇಳ್ತೀನಮ್ಮ. ನಿಮ್ಮ ಕಿವಿ ಚೆನ್ನಾಗಿದೆ ಅನ್ನೋ ಧೈರ್ಯದಲ್ಲಿ ನೀವು ಬಿಟ್ಬಿಡ್ತೀರ," ಎಂದು ಹೊರಟುಹೋದರು.

ಎಲ್ಲಕ್ಕಿಂತ ಕಷ್ಟವಾಗುತ್ತಿದ್ದದ್ದು ಕೆಮ್ಮು ಒಪ್ಪಿಸುವುದು. ಕೆಮ್ಮಿನ ಮಗುವನ್ನು ಕಿವಿ ಕೇಳದವರಿಗೆ ಹೇಗೆ ಹೇಳುವುದು? 'ಜೋರು ಕೆಮ್ಮು' ಎಂದರೆ ಅವರು ಒಪ್ಪುತ್ತಿರಲಿಲ್ಲ. "ಜೋರು ಅಂದ್ರೆ ಏನು? ನನಗೆ ಕಾಣೋ ಹಾಗೆ ಹೇಳು." ನಾವು ಹುಡುಕಿ ಹುಡುಕಿ ಹೇಳುತ್ತಿದ್ದೆವು: ನಾಯಿಮರಿ ಬೊಗಳಿದ ಹಾಗೆ, ತಳ ಸೀದ ಪಾತ್ರೆ ಕೆರೆದ ಹಾಗೆ, ಒದ್ದೆ ಸೌದೆ ಚಟಪಟ ಅಂದ ಹಾಗೆ. ದೊಡ್ಡಬಳ್ಳಾಪುರದ ಬೀದಿಗಳಲ್ಲಿ ಹಗಲೆಲ್ಲ ಮಗ್ಗದ ಸದ್ದು. ಹಾಗಾಗಿ 'ಲಾಳಿ ಓಡಿದ ಹಾಗೆ' ಎಂಬುದು ನಮ್ಮ ವಾರ್ಡಿನ ಉಬ್ಬಸಕ್ಕೆ ಖಾಯಂ ಹೆಸರಾಯಿತು. ಆಗ ಅವರು ತಲೆಯಾಡಿಸಿ, ಮಗುವಿನ ಎದೆಯ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ನಾವು ಹೇಳಿದ್ದನ್ನು ಕೈಯಲ್ಲಿ ಹುಡುಕುತ್ತಿದ್ದರು.

ಯುದ್ಧದ ಕಾಲ. ಬ್ಯಾಂಡೇಜ್ ಬಟ್ಟೆಗೂ ಬರ. ಹಳೆಯದನ್ನೇ ಕುದಿಸಿ ಒಣಗಿಸಿ ಸುತ್ತಬೇಕು. ಅಂಥ ಒಂದು ಚಳಿಗಾಲದಲ್ಲಿ ನೇಕಾರರ ಬೀದಿಯಿಂದ ಗೌರಿ ಎಂಬ ಹುಡುಗಿ ಬಂದಳು. ಗಂಟಲಮಾರಿ, ಡಿಫ್ತೀರಿಯಾ. ಬೆಂಗಳೂರಿಂದ ತರಿಸಿದ ಸೂಜಿಮದ್ದು ಹಾಕಿ, ಅವಳನ್ನು ಕೊನೆಯ ಕೋಣೆಯಲ್ಲಿ ಬೇರೆ ಇಟ್ಟರು. ಉಸಿರೆಳೆದರೆ ಗರಗಸ ಎಳೆದ ಹಾಗೆ ಸದ್ದು. ತಾಯಿ ಸುಬ್ಬಮ್ಮ ಮಂಚದ ಕಂಬಿ ಹಿಡಿದು ನಿಂತವಳು ಕೂರಲೇ ಇಲ್ಲ.

ಒಪ್ಪಿಸುವ ಹೊತ್ತಿಗೆ ತಾಯಂದಿರನ್ನು ಹೊರಗೆ ಕಳಿಸಬೇಕೆಂದು ದೊಡ್ಡ ಡಾಕ್ಟರಮ್ಮನವರ ಆಜ್ಞೆಯಿತ್ತು. ಮದರಾಸಿನಲ್ಲಿ ಓದಿ ಬಂದ, ಚುರುಕಾದ, ಒಳ್ಳೆಯ ಡಾಕ್ಟರು ಅವರು. ತಾಯಂದಿರು ಅರ್ಧ ಕೇಳಿ ಅರ್ಧ ಹೆದರಿಕೊಳ್ಳುತ್ತಾರೆ ಅನ್ನುವುದು ಅವರ ವಾದ. ಜೀವರತ್ನಮ್ಮ ಈ ಒಂದು ವಿಷಯದಲ್ಲಿ ಮಾತ್ರ ತಲೆ ಬಾಗಲಿಲ್ಲ. "ಹೆದರ್ಕೊಳ್ಲಿ ಡಾಕ್ಟರಮ್ಮ. ನಾವು ಪಾಳಿ ಬದಲಾಯಿಸ್ತೀವಿ. ಅವಳಿಗೆ ಪಾಳಿ ಎಲ್ಲಿದೆ? ನಾವು ತಪ್ಪು ಹೇಳಿದ್ರೆ ತಿದ್ದೋಳು ಅವಳೇ," ಎಂದರು. ಡಾಕ್ಟರಮ್ಮ ಆ ವಾರ್ಡಿಗೆ ಮಾತ್ರ ಆಜ್ಞೆ ಸಡಿಲಿಸಿದರು.

ಮಾರನೆಯ ಬೆಳಿಗ್ಗೆ ರಾತ್ರಿಪಾಳಿಯ ರೂತ್ ನನಗೆ ಗೌರಿಯನ್ನು ಒಪ್ಪಿಸಿದಳು. ಸಿಸ್ಟರ್ ಪಕ್ಕದಲ್ಲಿದ್ದರು. ರೂತಳ ಕಣ್ಣು ಕೆಂಪಾಗಿತ್ತು, ಆದರೆ ಮುಖದಲ್ಲಿ ಸಮಾಧಾನವಿತ್ತು. "ರಾತ್ರಿಯೆಲ್ಲ ಗರಗಸದ ಸದ್ದು. ಬೆಳಗಿನ ಜಾವದಿಂದ ಸದ್ದು ಕಡಿಮೆಯಾಗಿದೆ. ಈಗ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮಗು ನಿದ್ದೆ ಮಾಡ್ತಿದೆ."

ನಾನು ತಿರುಗಿ ಹೇಳಿದೆ, "ಸದ್ದು ಇಲ್ಲವೇ ಇಲ್ಲ. ನಿದ್ದೆ ಮಾಡ್ತಿದೆ."

ಸುಬ್ಬಮ್ಮ ಕಂಬಿಯ ಆಚೆಯಿಂದ ಮೆಲ್ಲಗೆ ಅಂದಳು: "ಅದು ನಮ್ಮ ಪಾಪ ನಿದ್ದೆ ಮಾಡೋ ರೀತಿ ಅಲ್ಲಮ್ಮ. ಬಾಯಿ ಮುಚ್ಕೊಂಡು ಮಲಗ್ತದೆ ಅದು."

ಜೀವರತ್ನಮ್ಮ ಸುಬ್ಬಮ್ಮನ ತುಟಿ ನೋಡಿದರು. ಆಮೇಲೆ ಬಗ್ಗಿ ಮಗುವಿನ ಹೊದಿಕೆ ಸರಿಸಿದರು. ಕತ್ತಿನ ಕುಳಿ ಪ್ರತಿ ಉಸಿರಿಗೂ ಒಳಕ್ಕೆ ಜಗ್ಗಿ ಹೋಗುತ್ತಿತ್ತು. ಪಕ್ಕೆಲುಬುಗಳ ಸಂದೂ ಹಾಗೆಯೇ. ತುಟಿಯ ಅಂಚು ನೇರಳೆ. ಸದ್ದು ನಿಂತದ್ದು ಗಾಳಿ ಹೋಗಲು ದಾರಿಯೇ ಉಳಿಯದೆ ಹೋದದ್ದರಿಂದ.

"ಓಡು ನಂಜಮ್ಮ. ಡಾಕ್ಟರಮ್ಮನಿಗೆ, ಕೊಳವೆ ಹಾಕೋ ಸಾಮಾನು ತಗೊಂಡೇ ಬನ್ನಿ ಅಂತ ಹೇಳು."

ಡಾಕ್ಟರಮ್ಮ ಕಿಟಕಿಯ ಬೆಳಕಿನಲ್ಲೇ ಗೌರಿಯ ಕತ್ತಿನ ಕುಳಿಯಲ್ಲಿ ಸೀಳಿ, ಬಾಗಿದ ಬೆಳ್ಳಿಯ ಕೊಳವೆ ಇಟ್ಟರು. ಅವರ ಕೈ ಒಂದು ಸಲವೂ ಅಲುಗಲಿಲ್ಲ. ಬುಸ್ಸೆಂದು ಗಾಳಿ ಒಳಗೆ ಹೋಯಿತು, ಮಗು ಕೆಮ್ಮಿತು, ತುಟಿಗೆ ಬಣ್ಣ ಬಂತು. ಸುಬ್ಬಮ್ಮ ಆಗ ನೆಲದ ಮೇಲೆ ಕುಸಿದು ಕೂತಳು.

ರೂತ್ ಹಜಾರದ ಮೂಲೆಯಲ್ಲಿ ಗೋಡೆಗೆ ಹಣೆ ಹಚ್ಚಿ ಅಳುತ್ತಿದ್ದಳು. ತನ್ನಿಂದ ಮಗು ಹೋಗಿಬಿಡುತ್ತಿತ್ತು ಎನ್ನುವುದೊಂದೇ ಅವಳ ಬಾಯಲ್ಲಿ. ಜೀವರತ್ನಮ್ಮ ಅವಳ ಮುಖವನ್ನು ತಮ್ಮ ಕಡೆ ತಿರುಗಿಸಿಕೊಂಡರು. ನಾನು ಪಕ್ಕದಲ್ಲೇ ಇದ್ದೆ. "ನಿದ್ದೆ ಅಂತ ಅಂದ್ಕೊಂಡೆ, ಅದು ತಪ್ಪು. ಆದ್ರೆ ಸದ್ದು ಕಡಿಮೆ ಆಯ್ತು ಅಂತ ಕಂಡಿದ್ದನ್ನ ಹೇಳ್ದೆ. ಆ ಮಾತು ನೀನು ನುಂಗಿದ್ರೆ ನಾನು ಬಗ್ಗಿ ನೋಡ್ತಿರಲಿಲ್ಲ," ಎಂದರು. ಸೆರಗಿನಿಂದ ಅವಳ ಮುಖ ಒರೆಸಿ, "ನನಗೆ ಎಲ್ಲಾ ಮಕ್ಕಳೂ ಸದ್ದಿಲ್ಲದವೇ ಕಣಮ್ಮ. ಸದ್ದಿಲ್ಲ ಅಂದ್ರೆ ನನಗೆ ಸಮಾಧಾನ ಆಗೋದಿಲ್ಲ. ನೋಡ್ಬೇಕು," ಎಂದರು.

ಕೊಳವೆ ಇರುವಷ್ಟು ದಿನ ಗೌರಿಗೆ ದನಿ ಬರುವಂತಿರಲಿಲ್ಲ. ಬಾಯಿ ತೆರೆದರೂ ಗಾಳಿ ಕತ್ತಿನಲ್ಲೇ ಹೋಗಿಬಿಡುತ್ತಿತ್ತು. ನಾವೆಲ್ಲ ಅವಳ ಮುಂದೆ ತಡಬಡಿಸುತ್ತಿದ್ದರೆ ಜೀವರತ್ನಮ್ಮ ಮಾತ್ರ ಮಂಚದ ಪಕ್ಕ ಕೂತು ಅವಳ ಜೊತೆ ಗಂಟೆಗಟ್ಟಲೆ ಹರಟುತ್ತಿದ್ದರು, ಕೈಯಲ್ಲಿ, ಹುಬ್ಬಿನಲ್ಲಿ, ತುಟಿಯಲ್ಲಿ. ಇಬ್ಬರೂ ನಗುತ್ತಿದ್ದರು. ಯಾಕೆಂದು ನಮಗೆ ತಿಳಿಯುತ್ತಿರಲಿಲ್ಲ. ಆ ಸನ್ನೆಗಳೂ ಒಪ್ಪಿಸುವ ಪಾಠಕ್ಕೆ ಸೇರಿದವು: ಮೂಗು ಮುಟ್ಟಿದರೆ ನೀರು, ಕೆನ್ನೆ ಮುಟ್ಟಿದರೆ ಅಮ್ಮ, ಮಂಚದ ಕಂಬಿ ತಟ್ಟಿದರೆ ಕೊಳವೆ ಕಟ್ಟಿಕೊಂಡಿದೆ, ಕೈಯಲ್ಲಿದ್ದದ್ದನ್ನು ಬಿಟ್ಟು ಓಡಬೇಕು. ಪಾಳಿಗೆ ಬಂದವಳು ಈ ಮೂರನ್ನೂ ಗೌರಿಗೆ ಮಾಡಿ ತೋರಿಸಬೇಕು, ಗೌರಿ ಹೌದೆಂದು ತಲೆಯಾಡಿಸಬೇಕು. ಅಲ್ಲಿಯವರೆಗೆ ಹೋಗುವವಳಿಗೆ ಬಿಡುಗಡೆಯಿಲ್ಲ. ಗೌರಿಯೂ ಮಹಾ ತುಂಟಿ. ಒಮ್ಮೊಮ್ಮೆ ಬೇಕೆಂದೇ ಇಲ್ಲವೆಂದು ತಲೆಯಾಡಿಸಿ ನಮ್ಮನ್ನು ಮತ್ತೆ ಮತ್ತೆ ಮೂಗು ಮುಟ್ಟಿಕೊಳ್ಳುವಂತೆ ಮಾಡುತ್ತಿದ್ದಳು.

ಗಾಯ ಮಾಗಿ ಕೊಳವೆ ತೆಗೆದ ದಿನ ನಾವೆಲ್ಲ ಸುತ್ತ ನಿಂತಿದ್ದೆವು. ಗೌರಿ ಸಿಸ್ಟರ್ ಕಡೆ ತಿರುಗಿ ಒಡೆದ ದನಿಯಲ್ಲಿ ಏನೋ ಅಂದಳು. ಅವಳ ಮೊದಲ ಮಾತು. ಜೀವರತ್ನಮ್ಮನವರಿಗೆ ಕೇಳಿಸಲಿಲ್ಲ, ಕಣ್ಣು ತುಂಬಿದ್ದರಿಂದ ತುಟಿಯೂ ಕಾಣಲಿಲ್ಲ. "ಏನಂದ್ಲು, ಏನಂದ್ಲು?" ಎಂದು ನಮ್ಮನ್ನು ಕೇಳಿದರು.

"ಬೆಲ್ಲ ಬೇಕಂತೆ ಸಿಸ್ಟರ್," ಎಂದಳು ರೂತ್.

ಆಮೇಲಿನ ಎರಡು ಮೂರು ವರ್ಷದಲ್ಲಿ ಅವರ ಎಡಗಿವಿಯೂ ಕಡಿಮೆಯಾಗುತ್ತಾ ಬಂತು. ಯಾರೂ ಆ ಮಾತು ಎತ್ತಲಿಲ್ಲ. ನಾವು ಇನ್ನಷ್ಟು ಹತ್ತಿರ ನಿಂತು, ಇನ್ನಷ್ಟು ನಿಧಾನವಾಗಿ ತುಟಿಯಾಡಿಸುತ್ತಿದ್ದೆವು, ಅಷ್ಟೆ. ಅಷ್ಟರಲ್ಲಿ ನಾನೂ ರೂತೂ ಪರೀಕ್ಷೆ ಮುಗಿಸಿ ಅಲ್ಲೇ ಕೆಲಸಕ್ಕೆ ನಿಂತಿದ್ದೆವು.

ಒಂದು ಮಧ್ಯಾಹ್ನ ಹುಡುಗಿಯರೆಲ್ಲ ಡಾಕ್ಟರಮ್ಮನವರ ಪಾಠಕ್ಕೆ ಹೋಗಿದ್ದರು. ವಾರ್ಡಿನಲ್ಲಿ ಜೀವರತ್ನಮ್ಮ ಒಬ್ಬರೇ ಕಿಟಕಿಯ ಕಡೆ ಮುಖ ಮಾಡಿ ಬ್ಯಾಂಡೇಜ್ ಸುತ್ತುತ್ತಿದ್ದರು. ಹತ್ತಿರದ ವಿಜಯಪುರದ, ರೇಷ್ಮೆ ನೂಲು ಬಿಚ್ಚುವವರ ಮನೆಯ ಪುಟ್ಟ ಹುಡುಗನೊಬ್ಬ, ಜ್ವರ ಬಿಟ್ಟು ಓಡಾಡುವ ಹುರುಪಿನಲ್ಲಿದ್ದವನು, ಮಂಚದ ಕಂಬಿ ಹತ್ತಿ ತಲೆಕೆಳಗಾಗಿ ಬಿದ್ದ. ಬಿದ್ದವನು ಅಳುತ್ತಾ ನೆಲದ ಮೇಲೆ ಹೊರಳುತ್ತಿದ್ದ. ಹೊರಗೆ ತೂಕಡಿಸುತ್ತಿದ್ದ ಅವನ ಅಜ್ಜಿ ಎಚ್ಚೆತ್ತು ಓಡಿಬಂದು ಎತ್ತಿಕೊಂಡಾಗಲೇ ಸಿಸ್ಟರಿಗೆ ಗೊತ್ತಾದದ್ದು. ಹಣೆ ಊದಿತ್ತು, ಬೇರೇನೂ ಆಗಿರಲಿಲ್ಲ. ಅಜ್ಜಿಯೇ ಅವರನ್ನು ಸಮಾಧಾನ ಮಾಡಿದಳಂತೆ: "ಗಂಡು ಹುಡ್ಗ ಬೀಳ್ದೆ ಬೆಳೀತಾನಾ, ಬಿಡಮ್ಮ."

ಸಂಜೆ ಪಾಳಿ ನನ್ನದು. ನಾನು ಬಂದಾಗ ಒಪ್ಪಿಸಲು ನಿಂತವರು ಜೀವರತ್ನಮ್ಮನವರೇ. ಹೊಸ ಹುಡುಗಿಯರು, ಆ ಅಜ್ಜಿ, ಡಾಕ್ಟರಮ್ಮ ಎಲ್ಲರೂ ಇದ್ದರು. ಅವರು ಮಂಚದ ಕಾಲ ಬಳಿ ನಿಂತು ಎಂದಿನ ದನಿಯಲ್ಲಿ ಹೇಳಿದರು: "ಹುಡುಗ ಮಧ್ಯಾಹ್ನ ಮಂಚದಿಂದ ಬಿದ್ದ. ಹಣೆ ಬಲಗಡೆ ಊತ. ವಾಂತಿ ಇಲ್ಲ. ಪ್ರಜ್ಞೆ ತಪ್ಪಿಲ್ಲ. ಎರಡೂ ಕಣ್ಣಿನ ಪಾಪೆ ಒಂದೇ ಸಮ. ರಾತ್ರಿ ಆಗಾಗ ಎಬ್ಬಿಸಿ ಮಾತಾಡಿಸ್ಬೇಕು. ವಾಂತಿಯಾದ್ರೆ, ಏಳದೆ ಹೋದ್ರೆ, ಡಾಕ್ಟರಮ್ಮನ್ನ ಕರೀಬೇಕು. ಬಿದ್ದಾಗ ವಾರ್ಡಲ್ಲಿ ನಾನೊಬ್ಬಳೇ ಇದ್ದೆ. ಎಷ್ಟು ಹೊತ್ತು ಅತ್ತನೋ ಗೊತ್ತಿಲ್ಲ. ನನಗೆ ಕೇಳಿಸಲಿಲ್ಲ."

ಅವರು ನನ್ನ ತುಟಿ ನೋಡುತ್ತಾ, "ತಿರುಗಿ ಹೇಳು," ಎಂದರು.

ನಾನು ಹೇಳಿದೆ. ಬಿದ್ದದ್ದು, ಊತ, ಕಣ್ಣು, ಎಬ್ಬಿಸುವುದು, ಕರೆಯುವುದು. ಅಲ್ಲಿಗೆ ನಿಲ್ಲಿಸಿದೆ.

"ಒಂದು ಬಿಟ್ಟೆ," ಎಂದರು.

ಅಪ್ಪನ ಕೈಯಿಂದ ನನ್ನನ್ನು ವಹಿಸಿಕೊಂಡ ಹೆಂಗಸು. ನಾನು ಡಾಕ್ಟರಮ್ಮನ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು.

"ಹೇಳು ನಂಜಮ್ಮ. ನಾಳೆ ಬರೋಳಿಗೆ ನೀನು ಹೇಳ್ಬೇಕಲ್ಲ, ಈ ವಾರ್ಡಲ್ಲಿ ಯಾವುದಕ್ಕೆ ಹೆದರಬೇಕು ಅಂತ."

"ಸಿಸ್ಟರ್ ಒಬ್ಬರೇ ಇದ್ದರು. ಅವರಿಗೆ ಕೇಳಿಸಲಿಲ್ಲ," ಎಂದೆ.

"ಸರಿ," ಎಂದರು ಅವರು. ಹುಡುಗನ ಹತ್ತಿರ ಬಗ್ಗಿ, "ಇನ್ಮೇಲೆ ಈ ಅಕ್ಕ ನಿನ್ ಜೊತೆ ಇರ್ತಾಳೆ," ಎಂದು ಅವನ ಕೈಯನ್ನು ನನ್ನ ಕೈಗಿಟ್ಟು ಮುಂದಿನ ಮಂಚಕ್ಕೆ ನಡೆದರು.

ಮಾರನೆಯ ದಿನವೇ ವಾರ್ಡಿನ ಕೆಲಸ ಬಿಟ್ಟರು. ಡಾಕ್ಟರಮ್ಮ ಅವರ ಕೋಣೆಗೇ ಹೋಗಿ ಬೇಡವೆಂದು ಹೇಳಿದರು. ಜೊತೆಗೆ ಯಾವಾಗಲೂ ಒಬ್ಬಳು ಹುಡುಗಿಯನ್ನು ಇಡುತ್ತೇನೆ ಎಂದರು. "ಹುಡುಗಿ ನನ್ನ ನೋಡ್ಕೋಬೇಕೋ, ಮಕ್ಕಳನ್ನ ನೋಡ್ಕೋಬೇಕೋ?" ಎಂದು ಕೇಳಿದರಂತೆ ಇವರು. ಡಾಕ್ಟರಮ್ಮನ ಒತ್ತಾಯಕ್ಕೆ ಒಂದು ಮಳೆಗಾಲ ಮುಗಿಯುವವರೆಗೆ ಹೊಸ ಹುಡುಗಿಯರಿಗೆ ಪಾಠ ಮಾಡಿಕೊಂಡಿದ್ದರು. ದಿಂಬುಗಳನ್ನು ಮಕ್ಕಳ ಹಾಗೆ ಮಲಗಿಸಿ ಒಪ್ಪಿಸುವುದನ್ನು ಕಲಿಸಿದರು. ಆಮೇಲೆ ಹೊಸಕೋಟೆಯ ಆಚೆ ಹಳ್ಳಿಯಲ್ಲಿದ್ದ ತಮ್ಮನ ಮನೆಗೆ ಹೊರಟುಹೋದರು. ಹೊರಟ ದಿನ, ತಮ್ಮನ್ನು ಅಣಕಿಸಿ ತೋರಿಸು ಎಂದು ರೂತಳನ್ನು ಅವರೇ ಕೇಳಿದರು. ರೂತ್ ಎದ್ದು ನಿಂತಳು. ಅವಳಿಂದ ಆಗಲಿಲ್ಲ.

ನಾನು ಅವರನ್ನು ಕೊನೆಯ ಸಲ ಕಂಡದ್ದು ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆ, ಅವರೆಕಾಯಿಯ ಕಾಲದಲ್ಲಿ. ಅದರ ಮುಂದಿನ ಬೇಸಿಗೆಯಲ್ಲಿ ಅವರು ತೀರಿಕೊಂಡರು. ನನಗೆ ಸುದ್ದಿ ಬಂದದ್ದು ಮಣ್ಣಾದ ಮೇಲೆ. ಹಾಗಾಗಿ ಆ ಒಂದು ದಿನವೇ ನನಗೆ ಉಳಿದದ್ದು.

ನಾನು ಹೋದಾಗ ಅಂಗಳದಲ್ಲಿ ಕೂತು ಸೊಗಡಿನ ಅವರೆ ಸುಲಿಯುತ್ತಿದ್ದರು. ಕಿವಿ ಪೂರ್ತಿ ಹೋಗಿತ್ತು. ನನ್ನನ್ನು ಕಂಡು ಎದ್ದು ಅಪ್ಪಿಕೊಂಡರು. ನಾನೂ ಕೂತು ಸುಲಿದೆ. ಗೌರಿ ದೊಡ್ಡವಳಾಗಿದ್ದಾಳೆ, ಮಗ್ಗದ ಮುಂದೆ ಕೂತು ಹಾಡುತ್ತಾಳೆ ಎಂದು ಹೇಳಿದೆ. ರೂತ್ ಮಕ್ಕಳ ವಾರ್ಡಿನ ಮುಖ್ಯಸ್ಥೆಯಾಗಿದ್ದಾಳೆ, ತಾಯಂದಿರನ್ನು ಹೊರಗೆ ಕಳಿಸುವುದಿಲ್ಲ ಎಂದೆ. ಅವರು ತುಟಿ ನೋಡುತ್ತಾ ತಲೆಯಾಡಿಸಿದರು. ಸ್ವಲ್ಪ ಹೊತ್ತಾದ ಮೇಲೆ ನನ್ನ ಮೊಣಕಾಲು ತಟ್ಟಿ, "ಸಾಕು ಕಣಮ್ಮ, ಕಣ್ಣು ಸೋತು ಹೋಯ್ತು. ಸುಮ್ನೆ ಕೂತಿರು," ಎಂದರು. ಬಿಸಿಲು ಇಳಿಯುವವರೆಗೆ ಸುಮ್ಮನೆ ಕೂತಿದ್ದೆವು. ಸಿಪ್ಪೆ ಒಂದು ಗುಡ್ಡೆಯಾಯಿತು.

ಬಸ್ಸಿಗೆ ಬಿಡಲು ರಸ್ತೆಯವರೆಗೆ ಬಂದರು. ಹುಣಸೆ ಮರದ ಕೆಳಗೆ ನಿಂತಾಗ ಅವರಿಗೆ ಮಾತು ಬಂತು. ತಮ್ಮನ ಮನೆಯ ಎಮ್ಮೆ ಹಿಂದಿನ ವಾರ ಈದಿತ್ತಂತೆ. ಕರು ಮೊದಲ ದಿನ ಮೊಲೆ ಹಿಡಿಯಲಿಲ್ಲ, ಗಿಣ್ಣುಹಾಲಲ್ಲಿ ಬಟ್ಟೆ ಅದ್ದಿ ಕುಡಿಸಿದರು, ಎರಡನೇ ದಿನ ಎದ್ದು ನಿಂತಿತು, ಹಿಂಗಾಲು ಒಂದು ಸ್ವಲ್ಪ ಸೊಟ್ಟ, ಅದನ್ನು ಬಿಸಿನೀರಲ್ಲಿ ತಿಕ್ಕುತ್ತಿದ್ದಾರೆ. ಹೇಳುತ್ತಾ ಹೇಳುತ್ತಾ ಮುಖ ಅರಳಿತ್ತು.

ಅವರ ಬೆನ್ನ ಹಿಂದೆ ಬಸ್ಸು ಬಂತು. ಗಡಗಡ ಸದ್ದು ಮಾಡಿಕೊಂಡು, ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಡ್ರೈವರು ಹಾರನ್ ಒತ್ತಿದ. ಕಂಡಕ್ಟರು ಬಾಗಿಲಿಗೆ ಜೋತುಬಿದ್ದು, "ಬರ್ತೀಯೇನಮ್ಮಾ, ಹೊತ್ತಾಯ್ತು!" ಎಂದು ಕೂಗಿದ. ಜೀವರತ್ನಮ್ಮ ಕರುವಿನ ಹಿಂಗಾಲನ್ನು ತಮ್ಮ ಎರಡು ಬೆರಳಲ್ಲಿ ಮಾಡಿ ತೋರಿಸುತ್ತಿದ್ದರು.

ನಾನು ಅವರ ಮುಖದಿಂದ ಕಣ್ಣು ತೆಗೆಯದೆ, ಅವರಿಗೆ ಕಾಣದ ಹಾಗೆ ಸೀರೆಯ ಮರೆಯಿಂದ ಕೈ ಬೀಸಿ, ಕಂಡಕ್ಟರಿಗೆ ಹೋಗು ಎಂದೆ.